ಖಳನಾಯಕನ ಕೊಸರು

ಶುಕ್ರವಾರ, ರಾತ್ರಿ.

ನನ್ನಂಥ ಖಳನಾಯಕ ಭೂಮಿಯ ಮೇಲೆ ಹುಟ್ಟಿಯೇ ಇಲ್ಲ. ಅಕ್ಕನ ಮಗಳು ನಿರ್ದೇಶಿಸಿದ ತಮಾಷೆ ಸಿನಿಮಾ ಇವತ್ತು ತೆರೆಗೆ ಬಂತು. ಅದರಲ್ಲಿ ನೈಟ್‌ಕ್ಲಬ್ಬಿನಲ್ಲಿ ಹುಡುಗರಿಗೆ ಡ್ರಗ್ಸ್ ಮಾರುವವನು ನಾನು. ಚಿತ್ರೀಕರಣದಲ್ಲಿ ಮೈದಾಹಿಟ್ಟಿನ ಡ್ರಗ್ಸ್ ತೂಗುವಾಗ, ದಿನಸಿ ಅಂಗಡಿಯ ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಮೇಲೊಂದು ಚಿಟಿಕೆ ಕೊಸರು ಹಾಕಿಬಿಟ್ಟಿತ್ತು.

"ಮಾವ, ಡ್ರಗ್ಸಿಗೆ ಯಾರಾದ್ರೂ ಕೊಸರು ಹಾಕ್ತಾರಾ?" ಎಂದು ರೇಗಿದ್ದಳು, ಆದರೆ ಆ ದೃಶ್ಯವನ್ನು ಕತ್ತರಿಸಿರಲಿಲ್ಲ.

ಇವತ್ತು ಅರ್ಧ ಸಿನಿಮಾದವರೆಗೆ ಒಬ್ಬರೂ ನಗಲಿಲ್ಲ. ಪಕ್ಕದಲ್ಲಿ ಕೂತ ಅವಳು ಟಿಕೆಟನ್ನು ಚೂರುಚೂರು ಮಾಡುತ್ತಿದ್ದಳು. ತೆರೆಯ ಮೇಲೆ ಆ ಕೊಸರು ಬಿದ್ದದ್ದೇ ತಡ, ಥಿಯೇಟರೇ ಎದ್ದು ಕುಣಿಯಿತು! ಆಮೇಲೆ ಕೊನೆಯವರೆಗೂ ನಗು ನಿಲ್ಲಲಿಲ್ಲ.

"ಗೆದ್ವಿ ಮಾವ!" ಎಂದು ತಬ್ಬಿಕೊಂಡಳು.

ಸಿನಿಮಾ ಮುಳುಗುತ್ತದೆಂದು ಹೆದರಿ, ದುಡ್ಡು ಹಾಕಿ ಅದರಲ್ಲಿ ಪಡೆದಿದ್ದ ನನ್ನ ಪಾಲನ್ನು ಹೋದ ವಾರವೇ ಕ್ಷೌರದಂಗಡಿಯವನಿಗೆ ಅಗ್ಗಕ್ಕೆ ಮಾರಿದ್ದೆ. ಮಾರಿದ್ದರಲ್ಲಿ ಹತ್ತು ಸಾವಿರ ಹೋಯಿತೆಂದು ಹೆಂಡತಿಗೆ ಹೇಳಿದ್ದೇನೆ. ಹೋದದ್ದು ಮೂರು ಲಕ್ಷ.