ಮಡಕೆಗೆ ಬಿದ್ದ ಹಳದಿ ಮಣಿ

ಚನ್ನಪಟ್ಟಣ
೧೮ ಫೆಬ್ರವರಿ ೧೯೯೮

ಪ್ರೀತಿಯ ಅಮ್ಮಾ,

ಕಣ್ಣಿನ ಕಟ್ಟು ಬಿಚ್ಚಿದರೇ? ಮೈಸೂರಿನ ಬಿಸಿಲಿಗೆ ಹೊರಗೆ ಹೋಗಬೇಡ. ಈ ಕಾಗದವನ್ನೂ ತಂಗಿಯ ಕೈಲೇ ಓದಿಸಿಕೋ. ನಾವೆಲ್ಲ ಆರಾಮ.

ಭಾನುವಾರ ನಮ್ಮ ಮಹಿಳಾ ಆಟಿಕೆ ಸಂಘದ ಚುನಾವಣೆ ಮುಗಿಯಿತು. ರೋಶನ್ ಬೀ ಅಧ್ಯಕ್ಷೆಯಾದಳು. ಹತ್ತು ವರ್ಷದಿಂದ ದೊಡ್ಡಲಕ್ಷ್ಮಮ್ಮನ ಬಣವೇ ಗೆಲ್ಲುತ್ತಿತ್ತು; ನಾನೂ ರೋಶನ್ನೂ ಇಬ್ಬರೂ ನಿಂತು ಮತ ಒಡೆದರೆ ಈ ಸಲವೂ ಗೆಲುವು ಆ ಬಣದ್ದೇ ಎಂದು ಮೊದಲು ನಮ್ಮೊಳಗೇ ಮತ ಹಾಕಿಕೊಂಡೆವಲ್ಲ, ಅದರ ಕಥೆಯನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಒಬ್ಬೊಬ್ಬರಿಗೂ ಅರಗಿನ ಬಣ್ಣ ಹಚ್ಚಿದ ಎರಡು ಮರದ ಮಣಿ ಕೊಟ್ಟಿದ್ದರು: ಕೆಂಪು ನನಗೆ, ಹಳದಿ ರೋಶನ್‌ಗೆ. ಬೇಕಾದ್ದನ್ನು ಮಡಕೆಗೆ ಹಾಕಬೇಕು. ಅದಕ್ಕೆ ಮುಂಚೆ ಇಬ್ಬರೂ ಎದ್ದು ಮಾತಾಡಿದೆವು. "ಒಂದ್ ಬುಗುರಿನಾದ್ರೂ ಕಡ್ದಿದ್ದೀಯೇನಮ್ಮಾ ಮಂಗಳಾ? ಬರೀ ಫೈಲ್ ಕಟ್ತೀಯ" ಎಂದಳು ರೋಶನ್. ಎಲ್ಲರೂ ನಕ್ಕರು. ನನಗೆ ಉರಿಯಿತು, ಇಂಗ್ಲಿಷ್ ಕಾಗದ ಓದಲು ಬಾರದವಳು ಸಂಘ ಹೇಗೆ ನಡೆಸುತ್ತಾಳೆ ಎಂದುಬಿಟ್ಟೆ. ಹದಿನೈದಕ್ಕೆ ಹದಿನಾಲ್ಕು. ಸೋತೆ.

ಆ ಮಾತು ದೊಡ್ಡಲಕ್ಷ್ಮಮ್ಮನ ಕಿವಿಗೆ ಬೀಳಲು ಒಂದು ದಿನ ಸಾಕಾಯಿತು. ನಾನು ಹೇಳಿದ್ದನ್ನೇ ಮನೆಮನೆಗೆ ಹೇಳಿಕೊಂಡು ಬಂದಳು. ನಮ್ಮವರಲ್ಲೇ ಮೂವರು ಅತ್ತ ವಾಲಿದರು. ನಾವು ಸೋತರೆ ಅದು ನನ್ನಿಂದಲೇ ಎಂದು ಹೆದರಿ, ಒಂದು ತಿಂಗಳು ದಿನಾ ರೋಶನ್ ಮನೆಗೆ ಹೋಗಿ ಸಂಘದ ಕಾಗದಗಳನ್ನೆಲ್ಲ ಓದಿ ಹೇಳಿದೆ. ಅವಳು ನನ್ನನ್ನು ಮರ ಕಡೆಯುವ ಲೇತ್ ಮುಂದೆ ಕೂರಿಸಿದಳು. ನಾನು ಕಡೆದ ಬುಗುರಿ ಮೂರು ಸುತ್ತಿಗೇ ಮಲಗುತ್ತದೆ.

ಮತದಾನದ ದಿನ ದೊಡ್ಡಲಕ್ಷ್ಮಮ್ಮ ಮದ್ರಾಸಿನ ಅಂಗಡಿಯೊಂದರ ಆರ್ಡರ್ ಕಾಗದ ಚಾಚಿ, "ಒಸಿ ಓದವ್ವ, ಅಧ್ಯಕ್ಷೆ ಆಗೋಳು" ಎಂದಳು.

"ನಂಗ್ ಬರಾಕಿಲ್ಲ ಕಣಕ್ಕ. ಅದ್ನ ಊರಿಗೆಲ್ಲ ಮೊದ್ಲು ಹೇಳ್ದೋಳು ಇಲ್ಲೇ ಕೂತವ್ಳೆ, ಅವ್ಳೇ ಓದ್ಲಿ" ಎಂದಳು ರೋಶನ್. ನನ್ನ ಮುಖ ಎಲ್ಲಿಡಲಿ? ಓದಿದೆ. ಆರು ವಾರದಲ್ಲಿ ಸಾಮಾನು ಕಳಿಸಿ ಎಂದಿತ್ತು. "ಹಸಿ ಹಾಲೆ ಮರ ಒಣಗಾಕೇ ಎರಡು ತಿಂಗ್ಳು ಬೇಕು. ಇದಕ್ಕೆ ಹೂಂ ಅಂದೋರು ಯಾರು?" ಎಂದು ಕೇಳಿದಳು. ಹೂಂ ಅಂದಿದ್ದು ದೊಡ್ಡಲಕ್ಷ್ಮಮ್ಮನೇ. ಅತ್ತ ಹೋಗಿದ್ದ ಮೂವರೂ ನಮಗೇ ಹಾಕಿದರಂತೆ.

ಒಳಜಗಳ ನಮ್ಮನ್ನು ಮುಳುಗಿಸುವುದರಲ್ಲಿತ್ತೋ, ಗೆಲ್ಲಿಸಿತೋ, ಇನ್ನೂ ಯೋಚಿಸುತ್ತಿದ್ದೇನೆ. ನಾನು ಚುಚ್ಚದಿದ್ದರೆ ರೋಶನ್‌ಗೆ ಆ ಉತ್ತರ ಸಿದ್ಧವಿರುತ್ತಿತ್ತೇ? ಹಾಗೆಂದು ಚುಚ್ಚಿದ್ದು ಸರಿಯಾಗುವುದಿಲ್ಲ. ಈಗ ನಾನು ಕಾರ್ಯದರ್ಶಿ. ಚೆನ್ನಾಗಿದ್ದೇನೆ.

ಔಷಧಿ ತಪ್ಪಿಸಬೇಡ. ತಂಗಿಯ ಮಕ್ಕಳಿಗೆ ನನ್ನ ಮುತ್ತು.

ನಿನ್ನ ಮಗಳು,
ಸರ್ವಮಂಗಳ

ಮರೆತಿದ್ದೆ: ನೀನು ಊರಲ್ಲಿಲ್ಲವೆಂದು ಸಂಘದವರು ನನ್ನ ಕೈಗೇ ಕೊಟ್ಟಿದ್ದ ನಿನ್ನ ಪಾಲಿನ ಮಣಿಯನ್ನು ನೀನು ಹೇಳಿದಂತೆ ರೋಶನ್‌ಗೇ ಹಾಕಿದೆ. ಮಡಕೆ ಬೋರಲು ಹಾಕಿ ಎಣಿಸಿದಾಗ ನಾನು ಸೋತದ್ದು ಆ ಒಂದರಿಂದಲೇ. ಮೂರು ದಿನ ನಿನ್ನ ಮೇಲೆ ಕೋಪವಿತ್ತು, ಅದಕ್ಕೇ ಫೋನ್ ಮಾಡಲಿಲ್ಲ. ಈಗಿಲ್ಲ. ಬೇಗ ಬಾ.