ಮುಂದಿನ ಸಾಲಿಗೆ ಒಂದು ಕುತ್ತಿಗೆ

ಪ್ರೀತಿಯ ಮೆಲ್ವಿನ್ ಮಾಸ್ಟ್ರೇ,

ಹರಿದ ಜೆರ್ಸಿ ಹಿಡಿದುಕೊಂಡು ನೀವು ಇಲ್ಲಿಯ ನಜ್ಮಾ ಪೇಟೆಯ ನಮ್ಮ ಟೈಲರ್ ಅಂಗಡಿಗೆ ಬಂದ ಸಂಜೆ ನೆನಪಿದೆಯೇ? ನಾನು ಒಬ್ಬ ಅರಬಿಯ ಉದ್ದನೆಯ ಬಿಳಿ ಅಂಗಿಗೆ, ಅವರ ತೋಬಿಗೆ, ಕಾಲರ್ ಕತ್ತರಿಸುತ್ತಿದ್ದೆ. ನೀವು ಹರಕು ತೋರಿಸುವುದು ಬಿಟ್ಟು ನನ್ನ ಕುತ್ತಿಗೆಯನ್ನೇ ನೋಡುತ್ತಾ ನಿಂತಿರಿ. ಹೆಣ್ಣು ನೋಡಲು ಬಂದವರೂ ಅಷ್ಟು ಹೊತ್ತು ನೋಡುವುದಿಲ್ಲ. "ಊರೆಲ್ಲಿ ಮಾರಾಯ?" ಎಂದಿರಿ. ದೇರಳಕಟ್ಟೆ ಎಂದೆ. "ಕಬಡ್ಡಿ ಆಡಿದ್ದೀಯಾ?" ಆಡಿದ್ದೆ. "ಹಾಗಾದ್ರೆ ಶುಕ್ರವಾರ ಜುಮಾ ನಮಾಜು ಮುಗಿಸಿ ಬಾ. ಕಬಡ್ಡಿಯ ದೊಡ್ಡಪ್ಪನನ್ನು ತೋರಿಸ್ತೇನೆ." ರಗ್ಬಿ ಎಂಬ ಹೆಸರನ್ನು ನಾನು ಅಲ್ಲಿಯವರೆಗೆ ಟೀ ಶರ್ಟುಗಳ ಮೇಲೆ ಮಾತ್ರ ಓದಿದ್ದೆ.

ನೂಲಿನ ರೀಲುಗಳನ್ನು ಕಟ್ಟಿಂಗ್ ಮೇಜಿನ ಮೇಲೆ ಜೋಡಿಸಿ ನೀವು ನನಗೆ ಸ್ಕ್ರಮ್ ಕಲಿಸಿದಿರಿ. ಈಚೆ ಮೂವರು, ಆಚೆ ಮೂವರು ತಲೆ ಸಿಕ್ಕಿಸಿಕೊಂಡು ಬಗ್ಗಬೇಕು, ಎರಡೂ ಕಡೆ ಹಿಂದಿನಿಂದ ಐದೈದು ಜನ ದೂಡಬೇಕು, ನಡುವೆ ಬಿಟ್ಟ ಚೆಂಡನ್ನು ಕಾಲಿನಿಂದ ಹಿಂದಕ್ಕೆ ಎಳೆದುಕೊಳ್ಳಬೇಕು. ಅಷ್ಟೂ ಜನರ ಭಾರ ಬಂದು ಕೂರುವುದು ಮುಂದಿನ ಸಾಲಿನ ಮೂವರ ಕುತ್ತಿಗೆಯ ಮೇಲೆ. ಆ ಜಾಗಕ್ಕೆ ತರಬೇತಿ ಆದವರು ಮೂವರು ಇಲ್ಲದಿದ್ದರೆ ದೂಡುವ ಹಾಗಿಲ್ಲ, ಆಡಿದರೂ ಮ್ಯಾಚು ಸೋತ ಹಾಗೆಯೇ ಎಂದು ಹೇಳಿದಿರಿ. "ಕುತ್ತಿಗೆಗೆ ಎಂತಾದ್ರೂ ಆದ್ರೆ ಮಾಸ್ಟ್ರೇ?" ಎಂದು ನಾನು ಕೇಳಿದ್ದೆ. "ಎಂತದೂ ಆಗುದಿಲ್ಲ," ಎಂದಿರಿ. ಎರಡೇ ಎರಡು ಶುಕ್ರವಾರ ಕಲಿಸಿ, ಲೀಗಿನ ಫಾರ್ಮಿನಲ್ಲಿ ನನ್ನ ಹೆಸರಿನ ಮುಂದೆ ಎರಡು ವರ್ಷದ ಅನುಭವ ಎಂದು ಬರೆದುಬಿಟ್ಟಿರಿ. ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವವರು, ಕಾಪಿ ಹೊಡೆದವರ ಕಿವಿ ಹಿಂಡುವವರು ನೀವು. ನಾನು ನಕ್ಕೆ, ನೀವೂ ನಕ್ಕಿರಿ.

ಮೊದಲ ಮ್ಯಾಚಿನಲ್ಲಿ ನಾವು ಹೀನಾಯವಾಗಿ ಸೋತೆವು. ಮೂರನೇ ಡಿವಿಜನ್, ಅದರಲ್ಲೂ ಕೊನೆಯ ಸ್ಥಾನ. ಅರ್ಧ ಹುಲ್ಲು ಅರ್ಧ ಮರಳಿನ ಮೈದಾನ, ನೋಡಲು ಬಂದವರು ನಾಲ್ಕು ಜನ. ಆದರೂ ಮೈತುಂಬ ಮಣ್ಣು ಮೆತ್ತಿಕೊಂಡು ಬಸ್ಸು ಹತ್ತಿದಾಗ ನನಗಾದ ಖುಷಿಯನ್ನು ನಿಮಗೆ ಯಾವತ್ತೂ ಹೇಳಲಿಲ್ಲ. ವಾರದಲ್ಲಿ ಆರು ದಿನ ಮಿಷಿನು, ಇಸ್ತ್ರಿ ಪೆಟ್ಟಿಗೆ, ಆರು ಜನರ ರೂಮು. ಆ ಒಂದು ಮಧ್ಯಾಹ್ನ ಮಾತ್ರ ಯಾರೂ ನನ್ನನ್ನು "ಯಲ್ಲಾ ಟೈಲರ್, ಕಬ್ ಮಿಲೇಗಾ" ಎಂದು ಬಟ್ಟೆಗಾಗಿ ಅವಸರಪಡಿಸುತ್ತಿರಲಿಲ್ಲ. ಹಾಗಾಗಿಯೇ ಇರಬೇಕು, ಸೀಸನ್ ಮೇಲೆ ಸೀಸನ್...

ಆಸ್ಪತ್ರೆಯ ಮಂಚದ ಮೇಲೆ ನೀವು ನನ್ನ ಕೈ ಹಿಡಿದದ್ದು ಈಗಲೂ ಚುಚ್ಚುತ್ತದೆ. ಮಾತಾಡಲು ನಿಮಗೆ ಉಸಿರು ಸಾಲುತ್ತಿರಲಿಲ್ಲ. "ಅಶ್ರಫ, ಮುಂದಿನ ಸಾಲು ಖಾಲಿ ಬಿಡಬೇಡ," ಎಂದಿರಿ. ಸಾಯುವ ಮನುಷ್ಯನಿಗೆ ಆಗುವುದಿಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಹ್ಞೂಂ ಎಂದೆ. ನಿಮ್ಮನ್ನು ಪೆಟ್ಟಿಗೆಯಲ್ಲಿ ಊರಿಗೆ ಕಳಿಸಿದೆವು. ನಾನು ಇಲ್ಲೇ ಉಳಿದೆ, ಆ ಒಂದು ಹ್ಞೂಂ ಒಳಗೆ ಸಿಕ್ಕಿಹಾಕಿಕೊಂಡು. ನಿಮ್ಮ ಮೇಲೆ ನನಗೆ ಸಿಟ್ಟಿದೆ ಮಾಸ್ಟ್ರೇ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ, ಆದರೂ ಇದೆ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕತ್ತರಿ ಕೈಯಿಂದ ಜಾರಿತು. ಎತ್ತಿಕೊಂಡೆ, ಮತ್ತೆ ಜಾರಿತು. ಬಲಗೈಯ ಹೆಬ್ಬೆರಳು, ತೋರುಬೆರಳು ಜೋಮು ಹಿಡಿದಿದ್ದವು. ಮಲಯಾಳಿ ಡಾಕ್ಟರು ಸ್ಕ್ಯಾನ್ ನೋಡಿ, ಕುತ್ತಿಗೆಯ ಮೂಳೆಗಳ ನಡುವೆ ನರ ಒತ್ತಿದೆ ಎಂದರು. "ಇನಿ ಕಳಿ ವೇಂಡ," ಇನ್ನು ಆಟ ಬೇಡ ಎಂದು ಬೆರಳು ಎತ್ತಿಯೇ ಹೇಳಿದರು. ಟೈಲರಿಗೆ ಬಲಗೈ ಹೋದರೆ ಇನ್ನೇನು ಉಳಿಯುತ್ತದೆ? ಊರಿನಿಂದ ಹೆಂಡತಿ ಮುಮ್ತಾಜ್ ವಿಡಿಯೋ ಕಾಲ್‌ನಲ್ಲಿ, "ಎಡಗೈಯಲ್ಲಿ ಎಂತಕ್ಕೆ ಚಾ ಕುಡಿಯುದು ನೀವು?" ಎಂದಳು. ಬಲಗೈಯಲ್ಲಿ ಫೋನು ಇದೆಯಲ್ಲ ಎಂದೆ. ಫೋನು ಮೇಜಿನ ಮೇಲೆ ಡಬ್ಬಿಗೆ ಒರಗಿಕೊಂಡಿತ್ತು.

ಕೊನೆಗೆ ಗಾಡ್ವಿನ್‌ನ ಹತ್ತಿರ ಹೋದೆ. ನಿಮ್ಮ ಹಳೆಯ ವಿದ್ಯಾರ್ಥಿ, ಈಗ ದೊಡ್ಡ ಆಫೀಸಿನಲ್ಲಿ ಇದ್ದಾನೆ, ತಂಡದ ಕ್ಯಾಪ್ಟನ್ನೂ ಅವನೇ. ಡಾಕ್ಟರ ಮಾತು ಬಾಯಿಯವರೆಗೆ ಬಂದದ್ದು ಹೊರಗೆ ಬರಲಿಲ್ಲ, ವಯಸ್ಸಾಯಿತು ಎಂದಷ್ಟೇ ಹೇಳಿದೆ. ಅವನು ಫೋನಿನಲ್ಲಿ ಲೀಗಿನವರ ಮೇಲ್ ತೋರಿಸಿದ. ಮುಂದಿನ ಸಾಲು ಇಲ್ಲದೆ ಇನ್ನೊಂದು ಮ್ಯಾಚಿಗೆ ಬಂದರೆ ನಮ್ಮ ತಂಡದ ಹೆಸರು ತೆಗೆಯುತ್ತಾರಂತೆ. "ಇರುವವರೇ ಮೂರು ಜನ ಅಶ್ರಫ್ ಭಾಯ್. ಒಬ್ಬನ ಕಾಂಟ್ರಾಕ್ಟ್ ಮುಗಿದ್ರೆ, ಒಬ್ಬನಿಗೆ ಜ್ವರ ಬಂದ್ರೆ, ನಂಗೆ ನಿದ್ರೆ ಬರುದಿಲ್ಲ. ನೀವು ಬಿಡುದಾದ್ರೆ ಬಿಡಿ, ನಿಮ್ಮ ಜಾಗಕ್ಕೆ ಒಬ್ಬನನ್ನು ಕೊಟ್ಟು ಬಿಡಿ. ಮಾಸ್ಟ್ರ ಟೀಮು ಇದು."

ಸುರೇಶನನ್ನು ನೀವು ನೋಡಿಲ್ಲ. ಬೆಳ್ತಂಗಡಿಯವನು, ಏಸಿ ರಿಪೇರಿ ಕೆಲಸ, ಇಬ್ಬರು ಹೆಣ್ಣುಮಕ್ಕಳ ತಂದೆ. ನಮ್ಮ ರೂಮಿನಲ್ಲಿ ನನ್ನ ಮೇಲಿನ ಮಂಚ ಅವನದು. ಎತ್ತಿನಂಥ ಮೈ. ಕರೆದದ್ದೇ ತಡ, ಕುಣಿದಾಡಿಕೊಂಡು ಬಂದ. ಎರಡು ಶುಕ್ರವಾರ ಕಲಿಸಿದೆ. ನಿಮ್ಮ ಹಾಗೆಯೇ. ಫಾರ್ಮಿನಲ್ಲಿ ಎರಡು ವರ್ಷ ಎಂದು ಬರೆದೆ. ಅದೂ ನಿಮ್ಮ ಹಾಗೆಯೇ. ಪಾಪ ಅನ್ನಿಸಲಿಲ್ಲ ಮಾಸ್ಟ್ರೇ, ಹಗುರ ಅನ್ನಿಸಿತು. ಜೈಲಿನಿಂದ ಬಿಡುಗಡೆಯ ಕಾಗದಕ್ಕೆ ಸಹಿ ಹಾಕಿದಷ್ಟು ಹಗುರ.

ಗುರುವಾರ ಸಂಜೆ ರೂಮಿನಲ್ಲಿ ಅನ್ನ ಬಸಿಯುತ್ತಿದ್ದಾಗ ಅವನು ಮೆಲ್ಲಗೆ ಕೇಳಿದ: "ಅಶ್ರಫಣ್ಣ, ಹೆಂಡತಿ ಹೆದರ್ತಾಳೆ. ಕುತ್ತಿಗೆಗೆ ಎಂತ ಆಗುದಿಲ್ಲ ಅಲ್ವಾ?"

"ಎಂತದೂ ಆಗುದಿಲ್ಲ," ಎಂದೆ.

ಅಷ್ಟು ಸುಲಭವಾಗಿ ಬಂತು. ನೀವೂ ಹೀಗೆಯೇ ಹೇಳಿದ್ದಿರೇ? ಕೈಯಲ್ಲಿ ನೂಲಿನ ರೀಲು ಇತ್ತು, ಮನಸ್ಸು ಬೇರೆಲ್ಲೋ ಇತ್ತು, ಹಾಗಾಗಿ... ಅಥವಾ ನಿಮಗೆ ಗೊತ್ತಿತ್ತೇ? ನಿಮ್ಮನ್ನು ಇದೊಂದು ಕೇಳಬೇಕಿತ್ತು.

ಮರುದಿನ ಮ್ಯಾಚಿಗೆ ಮೊದಲು ರೆಫ್ರಿ ಎಂದಿನಂತೆ ಮುಂದಿನ ಸಾಲಿನವರನ್ನು ಬೇರೆ ನಿಲ್ಲಿಸಿದರು. ಸುರೇಶ ಎದೆಯುಬ್ಬಿಸಿ ನಿಂತಿದ್ದ, ಹೊಸ ಬೂಟು. ಒಬ್ಬೊಬ್ಬರನ್ನೇ ತರಬೇತಿ ಆಗಿದೆಯೇ ಎಂದು ಕೇಳುತ್ತಾ ಅವನ ಹತ್ತಿರ ಬಂದರು. ನಾನು ಗೆರೆಯ ಹೊರಗೆ ನಿಂತಿದ್ದೆ, ಕೈಯಲ್ಲಿ ನೀರಿನ ಬಾಟ್ಲಿ. ಗೆರೆ ದಾಟಿ ಒಳಗೆ ಹೋದೆ. "ಇವನಿಗೆ ತರಬೇತಿ ಆಗಿಲ್ಲ, ಫಾರ್ಮಿನಲ್ಲಿ ಸುಳ್ಳು ಬರೆದವನು ನಾನು," ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಹಾಗಾದರೆ ಆ ಜಾಗಕ್ಕೆ ನೀನು ನಿಲ್ಲುತ್ತೀಯಾ ಎಂದು ರೆಫ್ರಿ ಕೇಳಿದರು. ಗಾಡ್ವಿನ್ ನನ್ನನ್ನೇ ನೋಡುತ್ತಿದ್ದ. ಒಂದು ಹ್ಞೂಂ ಸಾಕಿತ್ತು, ಎಲ್ಲವೂ ಮೊದಲಿನಂತೆ ನಡೆಯುತ್ತಿತ್ತು. ಇಲ್ಲ ಎಂದೆ.

ಅದಕ್ಕೇ ಈ ಪತ್ರ. ನಿಮ್ಮ ತಂಡ ಈಗ ಲೀಗಿನಲ್ಲಿ ಇಲ್ಲ ಮಾಸ್ಟ್ರೇ. ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಬೇಕು ಅನ್ನಿಸಿತು, ನಿಮಗೆ ಹೇಳುವವರು ಯಾರೂ ಇಲ್ಲ ಎಂದು ಗೊತ್ತಿದ್ದರೂ. ಗಾಡ್ವಿನ್ ಫೋನ್ ಎತ್ತುವುದಿಲ್ಲ. ಮುಮ್ತಾಜ್‌ಗೆ ಸ್ಕ್ಯಾನಿನ ವಿಷಯ ಹೇಳಿದೆ, ಅತ್ತಳು, ಬೈದಳು, ಬನ್ನಿ ಎಂದಳು. ಬರುವುದು ಎಲ್ಲಿಗೆ, ಈ ಕೈ ಇಟ್ಟುಕೊಂಡು ಊರಲ್ಲಿ ಮಾಡುವುದು ಏನು? ಬೆರಳು ಹಾಗೆಯೇ ಇವೆ. ಕಟ್ಟಿಂಗ್ ಈಗ ಬೇರೆಯವನು ಮಾಡುತ್ತಾನೆ, ನನಗೆ ಗುಂಡಿ ಮತ್ತು ಇಸ್ತ್ರಿ. ಶುಕ್ರವಾರ ಬಂದರೆ ಎಲ್ಲಿಗೆ ಹೋಗುವುದೆಂದು ತಿಳಿಯದೆ, ಆಡಲು ಹೊರಡುತ್ತಿದ್ದ ಹೊತ್ತಿಗೆ ಸರಿಯಾಗಿ ಮಂಚದ ಮೇಲೆ ಕೂರುತ್ತೇನೆ.

ಇವತ್ತೂ ಹಾಗೆ ಕೂತು ಬರೆಯುತ್ತಿದ್ದೇನೆ. ಸುರೇಶ ಮಾತು ಬಿಟ್ಟು ಮೂರು ವಾರವಾಯಿತು. ಮಕ್ಕಳಿಗೆಲ್ಲ ಹೇಳಿದ್ದನಂತೆ, ಮರ್ಯಾದೆ ತೆಗೆದಿರಿ ಎಂದ. ನಾನು ಅವನ ಮಂಚದ ಪಕ್ಕ ಎದ್ದು ನಿಂತು ಕರೆದರೆ ತಲೆ ಎತ್ತಿ ನನ್ನನ್ನೊಮ್ಮೆ ನೋಡಿ, ಸಿಟ್ಟಿನಿಂದ ಪಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಾನೆ. ಎಷ್ಟು ಸಲೀಸಾಗಿ ತಿರುಗುತ್ತದೆ ಅವನ ಕುತ್ತಿಗೆ. ಅದನ್ನು ನೋಡಲೆಂದೇ ಆಗಾಗ ಸುಮ್ಮನೆ ಕರೆಯುತ್ತೇನೆ.

ನಿಮ್ಮ,
ಅಶ್ರಫ