ಕೇದಾರ್ ಬರೆಯದ ಸಾಲು

ಡಿಸೆಂಬರ್ 8, 2025. ಬೆಳಿಗ್ಗೆ 7:40

ಬ್ಯೂಗಲ್ ರಾಕ್ ಪಾರ್ಕಿನಲ್ಲಿ ನಾಲ್ಕು ಸುತ್ತು ನಡೆದೆ. ಮಂಡಿ ನೋವು ಜಾಸ್ತಿ. ಬಡಾವಣೆ ಸಂಘದ ಸೊಣ್ಣಪ್ಪ ಅಡ್ಡ ಹಾಕಿದರು. "ವೇಣುಗೋಪಾಲ್ ಸಾರ್, ಇಪ್ಪತ್ತೆಂಟಕ್ಕೆ ನಿಮ್ಗೆ ಸನ್ಮಾನ. ಮೆಡಲ್ ಹಾಕ್ಕೊಂಡೇ ಬನ್ನಿ."

ಮೈಸೂರು ಪೇಟ, ಹಣ್ಣಿನ ಬುಟ್ಟಿ, ಮುಗಿಯದ ಭಾಷಣ. ಹದಿನಾರು ವರ್ಷದ ಹಿಂದಿನ ಪ್ರವಾಹ. ನನ್ನ ಹೆಲಿಕಾಪ್ಟರ್ ಯೂನಿಟ್ ಇನ್ನೂರ ಹನ್ನೊಂದು ಜನರನ್ನು ಎತ್ತಿ ತಂದಿತ್ತು. ಮೆಡಲ್ ಕಮಾಂಡರ್ ಆಗಿದ್ದ ನನಗೆ. ಕೊನೆಯ ಸುತ್ತಿನಲ್ಲಿ ಹೆಲಿಕಾಪ್ಟರ್ ಸಮೇತ ಬಿದ್ದು ಸತ್ತ ಪೈಲಟ್ ಕೇದಾರನ ಹೆಸರು ಯಾರ ಬಾಯಲ್ಲೂ ಇಲ್ಲ.

ಡಿಸೆಂಬರ್ 11

ಮಲ್ಲೇಶ್ವರಂನಿಂದ ವಿಶಾಖಾ ಫೋನ್. ಕೇದಾರನ ಹೆಂಡತಿ. ಪ್ರತಿ ಹೊಸ ವರ್ಷಕ್ಕೆ ತಪ್ಪದೆ ಮಾಡುತ್ತಾಳೆ. ನಾನೂ ತಪ್ಪದೆ ಬೇಗ ಇಡುತ್ತೇನೆ. ಈ ಸಲ ಮೊದಲೇ ಬಂತು.

"ಸರ್, ತೇಜು ಟ್ರೈನಿಂಗ್‌ಗೆ ಸೆಲೆಕ್ಟ್ ಆದ್ಳು! ಅವಳೂ ಅಪ್ಪನ ಹಾಗೆ ಪೈಲಟ್ಟೇ. ಹೊರಡೋಕ್ ಮುಂಚೆ ನಿಮ್ಮ ಆಶೀರ್ವಾದ ಬೇಕಂತೆ."

ತುಂಬಾ ಸಂತೋಷ ಎಂದೆ. ಈ ಸಲವೂ ಬೇಗ ಇಟ್ಟೆ.

ಡಿಸೆಂಬರ್ 21, ಭಾನುವಾರ

ಬಂದಿದ್ದಳು ಕೇದಾರನ ಮಗಳು ತೇಜಶ್ರೀ. ಅಪ್ಪನದೇ ಗದ್ದ. ನನ್ನ ಹೆಂಡತಿ ಪ್ರತಿಭಾ ಒಳಗೆ ಕಾಫಿ ಸೋಸುತ್ತಿದ್ದಳು. ಹುಡುಗಿ ಪುಟ್ಟ ನೋಟ್‌ಬುಕ್ ತೆಗೆದಳು.

"ಅಂಕಲ್, ಆಕ್ಸಿಡೆಂಟ್ ರಿಪೋರ್ಟಲ್ಲಿ ಪೈಲಟ್ ತಪ್ಪು ಅಂತಿದೆ. ಅಪ್ಪ ಎಲ್ಲಿ ತಪ್ಪಿದ್ರು? ನಾನು ಅದನ್ನೇ ಮಾಡ್ಬಾರ್ದಲ್ಲ."

"ಮೆಷಿನ್‌ನಲ್ಲಿ ಏನೇ ದೋಷ ಇದ್ರೂ ಬಾಯಲ್ಲಿ ಹೇಳಿ ಸುಮ್ನಾಗ್ಬೇಡಮ್ಮ. ಲಾಗ್ ಬುಕ್ಕಲ್ಲಿ ಬರಿ."

"ಅಪ್ಪ ಬರ್ದಿರ್ಲಿಲ್ವಾ?"

"ಇಲ್ಲ."

ಬರೆದುಕೊಂಡಳು. ಕಾಲಿಗೆ ನಮಸ್ಕಾರ ಮಾಡಿ ಹೋದಳು. ನಾನು ಹೇಳಿದ್ದು ಸುಳ್ಳಲ್ಲ... ಥೂ, ಹೇಡಿ.

ಡಿಸೆಂಬರ್ 28. ಮಧ್ಯಾಹ್ನ 2:00

ಮುಗಿಯಿತು. ಪೇಟ ಬಿಗಿ, ತಲೆನೋವು. ಸೊಣ್ಣಪ್ಪ ಮೈಕಿನಲ್ಲಿ "ಒಂದು ಕಪ್ಪು ಚುಕ್ಕೆ ಇಲ್ಲದ ಸರ್ವೀಸು" ಎಂದರು. ಮುಂದಿನ ಸಾಲಿನಲ್ಲೇ ವಿಶಾಖಾ, ತೇಜಶ್ರೀ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಆ ಹುಡುಗಿ.

ಮನೆಗೆ ಬಂದು ಮೆಡಲನ್ನು ಬೀರುವಿನೊಳಗೆ ಎಸೆದೆ. ಪ್ರತಿಭಾಗೆ ಎಲ್ಲ ಗೊತ್ತು. ನನ್ನ ಹೆಂಡತಿಯೊಬ್ಬಳಿಗೇ ಗೊತ್ತು.

"ಇನ್ನೂ ಯಾರಿಗ್ರೀ ಹೆದರ್ತೀರಾ? ರಿಟೈರ್ ಆಗಿ ಎಷ್ಟು ವರ್ಷ ಆಯ್ತು? ಆ ಮಗೂಗಾದ್ರೂ ಹೇಳ್ಬಿಡಿ."

ಡಿಸೆಂಬರ್ 30. ಬೆಳಿಗ್ಗೆ 10:00

ನಾಳೆ ಅವಳ ರೈಲು. ಕಾಗದ ಬರೆಯಬೇಕು. ಮೊದಲು ಇಲ್ಲೇ ಬರೆದು ನೋಡುತ್ತೇನೆ.

ತೇಜಶ್ರೀ,

ಆ ದಿನ ಎರಡನೇ ಸುತ್ತು ಮುಗಿಸಿ ಇಳಿದ ನಿನ್ನಪ್ಪ, "ಸರ್, ಬಾಲದ ಕಡೆ ನಡುಕ ಇದೆ" ಎಂದ. ಲಾಗ್ ಬುಕ್ ತೆರೆದ. ದೋಷ ಬರೆದರೆ ರಿಪೇರಿ ಆಗುವ ತನಕ ಆ ಹೆಲಿಕಾಪ್ಟರ್ ಹಾರುವಂತಿಲ್ಲ. ಬರೆಯದೆ ಸಹಿ ಹಾಕಿದರೆ, ಅಲ್ಲಿಂದ ಎಲ್ಲವೂ ಪೈಲಟ್‌ನ ಜವಾಬ್ದಾರಿ. ಛಾವಣಿಗಳ ಮೇಲೆ ಇನ್ನೂ ಜನರಿದ್ದರು, ನಿಜ. ಸಂಜೆ ಮಂತ್ರಿಗಳು ಬರುವವರಿದ್ದರು, ಅಷ್ಟರೊಳಗೆ ಎತ್ತಿ ತಂದವರ ಲೆಕ್ಕ ಇನ್ನೂರು ದಾಟಿಸಬೇಕೆಂಬ ಹಟ ನನಗಿತ್ತು — ಅದೂ ನಿಜ.

ವಿಚಾರಣೆಯಲ್ಲಿ ಆ ಪುಟ ತೋರಿಸಿದರು. ದೋಷದ ಜಾಗ ಖಾಲಿ. ಕೆಳಗೆ ಅವನ ಸಹಿ. ನಿಮಗೇನಾದರೂ ಹೇಳಿದ್ದನೇ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ.

ಅವನು ಪೆನ್ನಿನ ಮುಚ್ಚಳ ತೆಗೆದಿದ್ದನಮ್ಮ. ಬರೀಬೇಡ, ಸೈನ್ ಮಾತ್ರ ಹಾಕು ಎಂದವನು ನಾ—